ಪೆಟ್ಟಿಗೆಯ ಬಾಯಿ, ಮಂದ್ರದ ದನಿ

ಕೃಷ್ಣರಾಜನಗರದ ಸಮೀಪದ ಚುಂಚನಕಟ್ಟೆಯಲ್ಲಿ ಕಾವೇರಿ ಭೋರ್ಗರೆದು ಧುಮುಕುತ್ತಾಳೆ. ಆದರೆ ಅಲ್ಲಿಯ ಕೋದಂಡರಾಮ ದೇವಾಲಯದ ಗರ್ಭಗುಡಿಯೊಳಗೆ ಆ ಮೊರೆತ ಕೇಳಿಸದೆಂದು ಆ ಸೀಮೆಯ ಜನ ಹೇಳುತ್ತಾರೆ. ಅದಕ್ಕೊಂದು ಪುರಾಣಕಥೆಯೂ ಉಂಟು. ಕಥೆ ಹಾಗಿರಲಿ, ದನಿ ಹುಟ್ಟಿದ ಮೇಲೆ ಅದು ನಮ್ಮ ಕಿವಿಗೆ ಹೇಗೆ ಬೀಳಬೇಕೆಂಬುದನ್ನು ಸುತ್ತಲಿನ ಗೋಡೆ ಬಾಗಿಲುಗಳೂ ನಿರ್ಣಯಿಸುತ್ತವೆ. ರೇಡಿಯೋ ಪೆಟ್ಟಿಗೆಯ ಚರಿತ್ರೆ ಈ ಮಾತಿನ ವಿಸ್ತಾರವೇ ಆಗಿದೆ.

1935ರ ಸೆಪ್ಟೆಂಬರ್ 10ರಂದು ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ 30 ವ್ಯಾಟಿನ ಯಂತ್ರದ ಮೂಲಕ ಪ್ರಸಾರವನ್ನು ಆರಂಭಿಸಿದರು. ಆ ಕಾಲದ ಮನೆಯ ರೇಡಿಯೋಗಳಲ್ಲಿ ಸಾಮಾನ್ಯವಾಗಿ ಒಂದೇ ಲೌಡ್‌ಸ್ಪೀಕರು. ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬುವರು 1925ರಲ್ಲಿ ತೋರಿಸಿಕೊಟ್ಟ ಮಾದರಿಯದು. ಕೊಳಲಿನ ತಾರವೂ ಮೃದಂಗದ ಎಡಗೈಯ ಗುಮಕಿಯೂ ಅದೊಂದೇ ಕಾಗದದ ಶಂಕುವಿನಿಂದ ಹೊರಡಬೇಕಾಗಿತ್ತು. ಕವಾಟಗಳ ಶಾಖ ಹೊರಹೋಗಲೆಂದು ಪೆಟ್ಟಿಗೆಯ ಹಿಂಬದಿಯನ್ನು ತೂತುಗಳ ರಟ್ಟಿನಿಂದ ಮುಚ್ಚಿರುತ್ತಿದ್ದರು.

ತೊಡಕು ಇದ್ದುದು ಅಲ್ಲಿಯೇ. ಶಂಕು ಮುಂದಕ್ಕೆ ಸರಿದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ, ಹಿಂದಿನದು ಸಡಿಲವಾಗುತ್ತದೆ. ಮಂದ್ರದ ಅಲೆಗಳು ಪೆಟ್ಟಿಗೆಯನ್ನು ಬಳಸಿ ಬಂದು ಒಂದನ್ನೊಂದು ಅಳಿಸಿಬಿಡುತ್ತವೆ. ಮೃದಂಗದ ಬಲಗೈ ಸ್ಪಷ್ಟವಾಗಿ ಕೇಳಿ, ಎಡಗೈ ಮೂಕವಾದಂತೆ ತೋರುತ್ತಿದ್ದುದು ಇದರಿಂದಲೇ. ವಿದ್ವಾಂಸರ ಅರ್ಧ ಸಾಧನೆ ಶ್ರೋತೃವಿಗೆ ತಲುಪದೆ ಹೋಗುತ್ತಿತ್ತು.

ಪೆಟ್ಟಿಗೆಯನ್ನು ಪೂರ್ತಿ ಮುಚ್ಚಿದರೆ ಈ ಜಗಳ ನಿಲ್ಲುತ್ತದೆ. ಆದರೆ ಹಿಂಬದಿಯ ಶಕ್ತಿಯೆಲ್ಲ ವ್ಯರ್ಥ. ಅಮೆರಿಕದ ಬೆಲ್ ಪ್ರಯೋಗಶಾಲೆಯ ಆಲ್ಬರ್ಟ್ ಥುರಾಸ್ 1930ರಲ್ಲಿ ಮೂರನೆಯ ದಾರಿಯೊಂದಕ್ಕೆ ಹಕ್ಕುಪತ್ರ ಕೋರಿದರು; 1932ರಲ್ಲಿ ಅದು ದೊರೆಯಿತು. ಪೆಟ್ಟಿಗೆಗೆ ಅಳತೆಯ ಒಂದು ಬಾಯಿಯನ್ನಿಟ್ಟು, ಅದಕ್ಕೊಂದು ಕೊಳವೆ ಜೋಡಿಸುವುದು ಆ ದಾರಿ. ಬರಿಯ ಕೊಡದ ಬಾಯಿಗೆ ಊದಿದರೆ ಒಂದು ಸ್ವರ ಹೊರಡುವುದನ್ನು ನೀರು ಸೇದುವ ಮಕ್ಕಳೂ ಬಲ್ಲರು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರ ತನ್ನ ಗ್ರಂಥದಲ್ಲಿ ಈ ತತ್ವವನ್ನು ವಿವರಿಸಿದ್ದನು. ಆ ಕೊಡದ ಸ್ವರವನ್ನೇ ಥುರಾಸ್ ಮಂದ್ರಕ್ಕೆ ದುಡಿಸಿಕೊಂಡರು. ಆ ಶ್ರುತಿಯಲ್ಲಿ ಬಾಯಿಯ ಗಾಳಿಯೇ ಹಾಡುತ್ತದೆ, ಶಂಕು ಹೆಚ್ಚು ಅಲುಗುವುದಿಲ್ಲ. ಒಂದೇ ಸ್ಪೀಕರಿರುವ ಪೆಟ್ಟಿಗೆಗೆ ಇದು ಬಹಳ ದೊಡ್ಡ ಉಪಕಾರ. ಮಂದ್ರದ ಭಾರ ಇಳಿದ ಶಂಕು ಗಾಯಕರ ಸಾಹಿತ್ಯವನ್ನು ಕದಡದೆ ನುಡಿಯಬಲ್ಲದು.

ಹೆಗ್ಗಡದೇವನಕೋಟೆಯ ಕಾಡು ತೇಗ, ಬೀಟೆಗಳಿಗೆ ಹೆಸರಾದದ್ದು. ಹುಣಸೂರು ಮರದ ವ್ಯಾಪಾರದ ಊರು. ನಾನೂ ಒಮ್ಮೆ ಹುಣಸೂರಿನ ಬಡಗಿಯೊಬ್ಬರಿಂದ ಅಂಥದೊಂದು ಪೆಟ್ಟಿಗೆ ಮಾಡಿಸಿದೆ. ಒಳ್ಳೆಯ ಮರವೆಂದು ತೆಳ್ಳನೆಯ ಹಲಗೆ ಆರಿಸಿದವನು ನಾನು, ಕಣ್ಣಳತೆಯಲ್ಲೇ ತೂತು ತೆಗೆಸಿದವನೂ ನಾನೇ. ಎಡಗೈಯ ಪೆಟ್ಟುಗಳೆಲ್ಲವೂ ಒಂದೇ ಸ್ವರದಲ್ಲಿ 'ಡಬ್ ಡಬ್' ಎಂದವು. ಬಡಗಿ ಪೆಟ್ಟಿಗೆಯ ಪಕ್ಕಕ್ಕೆ ಅಂಗೈಯಿಟ್ಟು, 'ಮೇಷ್ಟ್ರೇ, ಹಲಗೆಯೇ ನಡುಗುತ್ತಿದೆಯಲ್ಲ' ಎಂದರು. ಮಾತು ನಿಜವಾಗಿತ್ತು. ವೀಣೆಯ ಮರ ಹಾಡಬೇಕು, ಸ್ಪೀಕರಿನ ಮರ ಮೌನವಾಗಿರಬೇಕು. ಇಲ್ಲಿ ಹಾಡತಕ್ಕದ್ದು ಒಳಗಿನ ಗಾಳಿ ಮಾತ್ರ. ದಪ್ಪ ಹಲಗೆ, ಒಳಗೊಂದು ಅಡ್ಡಪಟ್ಟಿ, ಲೆಕ್ಕದ ಕೊಳವೆ ಇವು ಬಂದ ಮೇಲೆ ಗುಮಕಿಯ ಜಾರು ಬೇರೆಯಾಗಿ ಕೇಳಿಸಿತು.

ಲೆಕ್ಕ ಕಠಿಣವೇನಲ್ಲ. 40 ಲೀಟರ್ ಗಾಳಿ ಹಿಡಿಯುವ ಪೆಟ್ಟಿಗೆಗೆ 7.5 ಸೆಂಟಿಮೀಟರ್ ಒಳವ್ಯಾಸದ ಕೊಳವೆ ಸುಮಾರು 8 ಸೆಂಟಿಮೀಟರ್ ಉದ್ದವಿದ್ದರೆ ಶ್ರುತಿ ಸೆಕೆಂಡಿಗೆ 50 ಕಂಪನ. 15 ಸೆಂಟಿಮೀಟರ್ ಆದರೆ 40. ಕೊಳವೆ ನೀಳವಾದಷ್ಟೂ ಶ್ರುತಿ ಇಳಿಯುತ್ತದೆ. ಆದರೆ ಯಾವ ಸ್ಪೀಕರಿಗೆ ಯಾವ ಶ್ರುತಿ ಒಪ್ಪುತ್ತದೆ? ಶ್ರುತಿಗಿಂತ ಕೆಳಗೆ ಗಾಳಿಯ ಆಸರೆ ತಪ್ಪಿ ಶಂಕು ಹುಚ್ಚೆದ್ದು ಅಲುಗುವುದರಿಂದ ಈ ಪ್ರಶ್ನೆಯನ್ನು ಬಿಡುವಂತಿಲ್ಲ. ಇದಕ್ಕೆ ಕ್ರಮಬದ್ಧವಾದ ಕೋಷ್ಟಕವನ್ನು ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿ ಪ್ರಕಟಿಸಿದರು. ಅಮೆರಿಕದ ಪತ್ರಿಕೆಯೊಂದು 1971ರಲ್ಲಿ ಮರುಮುದ್ರಿಸುವವರೆಗೆ ಅದು ಹೊರಜಗತ್ತಿನ ಗಮನವನ್ನು ಅಷ್ಟಾಗಿ ಸೆಳೆಯಲಿಲ್ಲ. ಬಳಿಕ ರಿಚರ್ಡ್ ಸ್ಮಾಲ್ ಅದನ್ನು ಬೆಳೆಸಿದರು. ಇಂದು ಸ್ಪೀಕರಿನೊಡನೆ ಬರುವ ಅಂಕಿಅಂಶಗಳಿಗೆ ಇವರಿಬ್ಬರ ಹೆಸರೇ ಇದೆ.

ಮನೆಯಲ್ಲಿ ಮಂದ್ರ ಸಾಲದೆನಿಸಿದಾಗ ದನಿಯ ತಿರುಪನ್ನು ಏರಿಸುವುದು ನಮ್ಮೆಲ್ಲರ ಅಭ್ಯಾಸ. ಅದಕ್ಕೆ ಮುನ್ನ ಪೆಟ್ಟಿಗೆಯ ಪಕ್ಕಕ್ಕೊಮ್ಮೆ ಅಂಗೈಯಿಟ್ಟು ನೋಡಬಹುದು. ಕೈಗೆ ನಡುಕ ತಗುಲಿದರೆ, ವಿದ್ವಾಂಸರಿಗೆ ಸಲ್ಲಬೇಕಾದ ನಾದದಲ್ಲಿ ಒಂದು ಪಾಲನ್ನು ಹಲಗೆ ನುಂಗುತ್ತಿದೆಯೆಂದೇ ಅರ್ಥ.