ಮರಬೆಕ್ಕು (ಕಬ್ಬೆಕ್ಕು)
ಪುನುಗಿನ ಕುಟುಂಬಕ್ಕೆ ಸೇರಿದ ನಿಶಾಚರ ಸಸ್ತನಿ. ವೈಜ್ಞಾನಿಕ ಹೆಸರು ಪ್ಯಾರಡಾಕ್ಸುರಸ್ ಹರ್ಮಾಫ್ರೊಡೈಟಸ್. ತೂಕ 2ರಿಂದ 5 ಕಿಲೊ. ಬೂದು ಮೈ, ಉದ್ದ ಬಾಲ, ಮುಖದ ಮೇಲೆ ಕಪ್ಪು ಪಟ್ಟೆ. ಹೆಸರಿಗಷ್ಟೇ ಬೆಕ್ಕು. ಮನುಷ್ಯರ ಮನೆಗೆ ಒಗ್ಗಿಕೊಳ್ಳುವುದರಲ್ಲಿ ಉತ್ತರ ಅಮೆರಿಕದ ರಕೂನನ್ನು ಹೋಲುತ್ತದೆ, ಆದರೆ ಅದರ ನೆಂಟನಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ತೋಟದ ಮನೆಗಳಲ್ಲಿ ಹಗಲು ಇದರ ನಿದ್ದೆ ಮರದ ಪೊಟರೆಯಲ್ಲಿ, ಇಲ್ಲವೇ ಹಂಚಿನ ಮಾಡಿಗೂ ಮುಚ್ಚಿಗೆಗೂ ನಡುವೆ. ಕತ್ತಲಾದ ಮೇಲೆ ಮುಚ್ಚಿಗೆ ಮೇಲೆ ಧಡಧಡ ಓಡಾಟ. ಇಲಿಯದ್ದಕ್ಕಿಂತ ಭಾರದ ಹೆಜ್ಜೆ. ಬೆಳಿಗ್ಗೆ ಪಾಗಾರದ ಮೇಲೆ ಬೈನೆ ಬೀಜಗಳೇ ತುಂಬಿದ ಹಿಕ್ಕೆ. ನುಂಗಿದ ಬೀಜ ಹಾಳಾಗದೆ ಹೊರಬರುವುದರಿಂದ ಬೈನೆಯಂಥ ಮರಗಳು ಹರಡುತ್ತವೆ. ಇಲಿಯನ್ನೂ ತಿನ್ನುತ್ತದೆ, ಕೋಳಿಮರಿಯನ್ನೂ ಬಿಡದು. ಕೊಕ್ಕೊ ಕಾಯಿ ಕೊರೆದು ತಿರುಳು ತಿನ್ನುವುದೂ ಉಂಟು. ಬಾಳೆಗೊನೆಯನ್ನು ಅಟ್ಟದಲ್ಲೇ ಹಣ್ಣಿಗಿಟ್ಟವರು ಇದನ್ನು ದೂರಿ ಫಲವಿಲ್ಲ.

ಹೊರಡಿಸಬೇಕಿದ್ದರೆ ಸರಿದ ಹಂಚನ್ನು ಹುಡುಕಿ, ರಾತ್ರಿ ಅದು ಮೇಯಲು ಹೋದಾಗ ಮುಚ್ಚಬೇಕು, ಮಾಡಿಗೆ ತಾಗುವ ಗೆಲ್ಲು ಕಡಿಯಬೇಕು. ಒಳಗೆ ಮರಿಗಳಿದ್ದರೆ ಅವು ಬೆಳೆದು ಹೋಗುವವರೆಗೆ ಕಾಯುವುದೇ ಸರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇದನ್ನು ಕೊಲ್ಲುವುದು, ಹಿಡಿದು ಸಾಕುವುದು ಅಪರಾಧ. ಮನೆಯೊಳಗೆ ಸಿಕ್ಕಿಬಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು.