ಆಯಿಯ ಬಾಡಿಗಿ ವಹಿ: ಸೊಲ್ಲಾಪುರದ ಮೂರು ಖೋಲಿಗಳ ಲೆಕ್ಕ

 

ಸೊಲ್ಲಾಪುರದ ಚರಿತ್ರೆ ಅಂದಕೂಡಲೇ ಗಿರಣಿ ಮಾಲೀಕರು, ಕಾರ್ಮಿಕರು, 1930ರ ಮಾರ್ಷಲ್ ಲಾ ಬರುತ್ತವೆ. ಪಾಳಿ ಮುಗಿಸಿದ ಕಾರ್ಮಿಕ ರಾತ್ರಿ ಎಲ್ಲಿ ಮಲಗುತ್ತಿದ್ದ, ಆ ಜಾಗಕ್ಕೆ ಯಾರಿಗೆ ಎಷ್ಟು ಕೊಡುತ್ತಿದ್ದ ಎಂಬುದು ಬರುವುದು ಕಡಿಮೆ. ಇವತ್ತಿನ ನನ್ನ ಆಕರ ಒಂದು ಕೆಂಪು ಬಟ್ಟೆಯ ವಹಿ. ನಮ್ಮ ಆಯಿಯದು, ಅಂದರೆ ಅಪ್ಪನ ತಾಯಿಯದು.

1870ರ ದಶಕದಲ್ಲಿ ಜುನಿ ಮಿಲ್ಲು ಶುರುವಾಯಿತು. ಆಮೇಲೆ ಬೇರೆ ಗಿರಣಿಗಳೂ ಬಂದವು. ತೆಲುಗು ಪದ್ಮಶಾಲಿಗಳು ಮಗ್ಗದ ಕಸುಬು ಹಿಡಿದು ಬಂದರು. ಅಕ್ಕಲಕೋಟೆ ಕಡೆಯ ಹಳ್ಳಿಗಳಿಂದ ನಮ್ಮ ಕನ್ನಡದವರು ಬಂದರು. ಗಿರಣಿಯ ಚಾಳುಗಳು ಎಲ್ಲರಿಗೂ ಎಲ್ಲಿ ಸಾಲಬೇಕು? ಉಳಿದವರಿಗೆ ಜಾಗ ಕೊಟ್ಟದ್ದು ಆಯಿಯಂಥವರು, ವಾಡೆಯ ಹಿಂದಿನ ದನದ ಕೊಟ್ಟಿಗೆ ಕೆಡವಿ ಖೋಲಿ ಕಟ್ಟಿದವರು.

1951ರಲ್ಲಿ ಆಯಿ ತನ್ನ ಪಾಟಲಿ ಮಾರಿ ಮೂರು ಖೋಲಿ ಕಟ್ಟಿಸಿದಳು. ವಹಿಯ ಪ್ರಕಾರ ಖರ್ಚು 900 ರೂಪಾಯಿ. ಖೋಲಿಗೆ ತಿಂಗಳಿಗೆ 8ರಂತೆ ಮೂರಕ್ಕೆ 24. ಒಂದು ತಿಂಗಳೂ ತಪ್ಪದೆ ಬಂದರೆ ಮೂರು ವರ್ಷ ಎರಡು ತಿಂಗಳಲ್ಲಿ ಪಾಟಲಿಯ ದುಡ್ಡು ವಾಪಸ್. ಶಾಲೆಯ ಮೆಟ್ಟಿಲು ಹತ್ತದ ಹೆಂಗಸು ಈ ಲೆಕ್ಕ ಹಾಕಿದ್ದಳು ಅನ್ನೋದು ನನಗಿನ್ನೂ ಬೆರಗು. ಆದರೆ ತಿಂಗಳು ತಪ್ಪುತ್ತಿದ್ದವು.

ಅವಳ ಲೆಕ್ಕದಲ್ಲಿ ಇರದಿದ್ದದ್ದು ಕಾಯ್ದೆ. 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯ್ದೆ 1948ರ ಫೆಬ್ರುವರಿ 13ರಿಂದ ಜಾರಿಯಲ್ಲಿತ್ತು. 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯೇ ಪ್ರಮಾಣ ಬಾಡಿಗೆ; ಆಮೇಲೆ ಕಟ್ಟಿದ್ದಾದರೆ ಮೊದಲು ಕೊಟ್ಟಾಗಿನ ಬಾಡಿಗೆ. ಅಂದರೆ ಎಂಟು ರೂಪಾಯಿ ಅಲ್ಲೇ ನಿಂತುಬಿಟ್ಟಿತು. ಹೀಗೆ ತಡೆದಿಟ್ಟದ್ದು ಕಾಲಕ್ರಮದಲ್ಲಿ ಅಸಮಂಜಸವಾಗಿದೆ ಎಂದು ಸುಪ್ರೀಂ ಕೋರ್ಟು ಹೇಳಿದ್ದು 1997ರ ಡಿಸೆಂಬರಿನಲ್ಲಿ. 1999ರ ಮಹಾರಾಷ್ಟ್ರ ಕಾಯ್ದೆ ಒಮ್ಮೆಗೆ ಶೇಕಡ 5, ಆಮೇಲೆ ವರ್ಷಕ್ಕೆ ಶೇಕಡ 4 ಏರಿಸಲು ಬಿಟ್ಟಿತು. ಲೆಕ್ಕ ಹಾಕಿ ನೋಡ್ರಿ, ಮನೆಪಟ್ಟಿ ಬಿಟ್ಟರೆ ಆ ಎಂಟು ರೂಪಾಯಿ ಇಪ್ಪತ್ತೈದು ವರ್ಷಕ್ಕೂ ಇಪ್ಪತ್ತೈದು ರೂಪಾಯಿ ಮುಟ್ಟುವುದಿಲ್ಲ. ಒಂದು ಸಲ ಮೇಲಿನ ಪತ್ರಾ ಬದಲಿಸಿದರೆ ಎಷ್ಟೋ ವರ್ಷದ ಬಾಡಿಗೆ ಹೋಯಿತು. ಕಾಕಾ ಸಿಟ್ಟಾಗುವುದರಲ್ಲಿ ನ್ಯಾಯವಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಬಾಡಿಗೆ ಪಡೆದ ಮಾಲೀಕ ಲಿಖಿತ ಪಾವತಿ ಕೊಡಲೇಬೇಕು ಅಂತ ಅದೇ ಕಾಯ್ದೆ ಹೇಳಿತ್ತು. ಆಯಿ ಒಂದನ್ನೂ ಕೊಡಲಿಲ್ಲ. ಪಾವತಿ ಕೊಟ್ಟರೆ ಬಾಡಿಗೆದಾರ ಕಾಯಂ ಆಗುತ್ತಾನೆ, ಮನೆಪಟ್ಟಿಯೂ ಏರುತ್ತದೆ ಅನ್ನೋ ಭಯ. ಬಾಡಿಗೆದಾರನಿಗೆ ರಕ್ಷಣೆ ಕೊಡಲು ಬಂದ ಕಾಯ್ದೆ, ಸಣ್ಣ ಮಾಲೀಕರ ಮಟ್ಟಿಗೆ, ಅವನ ಕೈಗೆ ಕಾಗದವೇ ಸಿಗದಂತೆ ಮಾಡಿತು ಎನ್ನುವುದು ನನ್ನ ವಾದ. ದೊಡ್ಡ ಮಾಲೀಕರಿಗೆ ಗುಮಾಸ್ತರಿದ್ದರು, ದಫ್ತರವಿತ್ತು. ಇಂಥ ಖೋಲಿಗಳ ದಾಖಲೆ ಮಾಲೀಕರ ಟ್ರಂಕಿನಲ್ಲಿ ಮಾತ್ರ ಉಳಿಯಿತು.

ಅಕ್ಕಲಕೋಟೆಯ ದಾರಿ ಬೇರೆ. ಈ ಕಾಯ್ದೆ ಜಾರಿಯಾದ ದಿನ ಅದಿನ್ನೂ ಭೋಸಲೆ ಸಂಸ್ಥಾನ. ಮುಂಬಯಿ ಪ್ರಾಂತಕ್ಕೆ ಸೇರಿದ್ದು 1948ರ ಮಾರ್ಚ್ 8ರಂದು. ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವವರು ಒಂದೆರಡು ರಾತ್ರಿ ಇದ್ದು ಹೋಗುತ್ತಾರೆ. ನಮ್ಮ ಸೋದರಮಾವ ಅಲ್ಲಿ ಎರಡು ಕೋಣೆ ದಿನದ ಲೆಕ್ಕಕ್ಕೆ ಕೊಡುತ್ತಿದ್ದ. “ನನ್ನ ಬಾಡಿಗಿಯವ್ರು ಮುಂಜಾನಿ ಎದ್ದು ಹೋಗತಾರ, ನಿನ್ನವ್ರು ಮೊಮ್ಮಕ್ಕಳನ್ನ ಹಡೀತಾರ” ಅಂತ ಆಯಿಗೆ ಚಾಷ್ಟಿ ಮಾಡುತ್ತಿದ್ದನಂತೆ.

ಅವನ ಮಾತು ನಿಜವಾಯಿತು. ಮೂರನೆಯ ಖೋಲಿಗೆ 1951ರಲ್ಲಿ ಬಂದ ಜುನಿ ಮಿಲ್ಲಿನ ಕಾರ್ಮಿಕ ಅಕ್ಕಲಕೋಟೆ ತಾಲ್ಲೂಕಿನವನು. ಈಗ ಅಲ್ಲಿರುವುದು ಅವನ ಮೊಮ್ಮಗಳು, ಬೀಡಿ ಕಟ್ಟುವವಳು. 2006ರಲ್ಲಿ ಕುಂಭಾರಿಯಲ್ಲಿ ಬೀಡಿ ಕಾರ್ಮಿಕ ಹೆಂಗಸರಿಗೆ ಹತ್ತು ಸಾವಿರ ಮನೆಗಳಾದವು. ಇವಳಿಗೆ ಆ ಯೋಗ ಬರಲಿಲ್ಲ. ಕಾಕಾ ವಾಡೆ ಕೆಡವಿ ಅಪಾರ್ಟಮೆಂಟ್ ಕಟ್ಟಬೇಕೆಂದಿದ್ದಾನೆ. ಅವರು ಬಾಡಿಗೆದಾರರೇ ಅಲ್ಲ, ದಯೆಯಿಂದ ಇರಗೊಟ್ಟವರು ಎನ್ನುವುದು ಅವನ ವಾದ. ಬಾಡಿಗೆ ಇಲ್ಲದೆ ಇರಗೊಟ್ಟವರಿಗೆ ಕಾಯ್ದೆಯ ಆಸರೆ ಇಲ್ಲ. ಅವಳ ರೇಷನ್ ಕಾರ್ಡಿನಲ್ಲಿ ವಿಳಾಸವಿದೆ. ಅದು ವಾಸವನ್ನು ತೋರಿಸುತ್ತದೆ, ಬಾಡಿಗೆಯನ್ನಲ್ಲ.

ಈ ವಹಿ ನನ್ನ ಕೈಗೆ ಬಂದದ್ದು ಪ್ರಬಂಧಕ್ಕೆಂದು, ಕೊಟ್ಟವನು ಕಾಕಾನೇ. 1960ರ ದಶಕದಲ್ಲಿ ಜುನಿ ಮಿಲ್ಲು ಬಂದ್ ಆದಮೇಲಿನ ಪುಟಗಳಲ್ಲಿ ಮೂರನೆಯ ಖೋಲಿಯ ಮುಂದೆ ರೂಪಾಯಿ ಇಲ್ಲ, ಜೋಳ ಇದೆ. ಪಾಯಲಿ ಲೆಕ್ಕದಲ್ಲಿ. ಕಾಕಾ ಇದನ್ನು ಓದುವ ರೀತಿ: “ನೋಡು, ಬಾಡಿಗಿ ಬಿಟ್ಟಾಳ. ಊರಿಂದ ತಂದ ಜ್ವಾಳ ಪ್ರೀತಿಲೆ ಕೊಟ್ಟಾರ, ಇಕಿ ಇಸಗೊಂಡಾಳ.” ಆದರೆ ಪ್ರತಿ ಸಲವೂ ಜೋಳದ ಪಕ್ಕದಲ್ಲಿ ಆಯಿ ಅದರ ದರ ಕಟ್ಟಿ, ಎಂಟರಲ್ಲಿ ಕಳೆದು, ಬಾಕಿ ತೋರಿಸಿ, ಎರಡು ಶಬ್ದ ಬರೆದಿದ್ದಾಳೆ: ಬಾಡಿಗಿ ಪೈಕಿ. ಪ್ರೀತಿಯಿಂದ ಬಂದ ಜೋಳಕ್ಕೆ ಯಾರು ಬಾಕಿ ಬರೆಯುತ್ತಾರೆ?

ವಹಿ ಕನ್ನಡದ್ದು, ಕೋರ್ಟು ಮರಾಠಿಯದು. ಆ ಮೊಮ್ಮಗಳು ನನ್ನನ್ನು ಕೇಳಿದ್ದು ಒಂದೇ: “ಅಕ್ಕಾ, ನಮ್ಮ ಮುತ್ಯಾನ ಹೆಸರು ಅದರಾಗ ಅದ ಏನ್ರಿ?” ಅದ ಅಂತ ಹೇಳಿದೆ. “ನೀ ಯಾರ ಕಡಿ ಅದಿ?” ಅಂತ ಕಾಕಾ ಅಂದಿನಿಂದ ಮಾತು ಬಿಟ್ಟಿದ್ದಾನೆ. ಆ ಹನ್ನೊಂದು ಪುಟಗಳನ್ನು ಮರಾಠಿಗೆ ಮಾಡಿದ್ದೇನೆ, ‘ಪೈಕಿ’ಯನ್ನು ಪೈಕಿ ಅಂತಲೇ ಇಟ್ಟು. ಮರಾಠಿಯಲ್ಲೂ ಅದು ಅದೇ ಶಬ್ದ.