ವಿದ್ಯಾರ್ಥಿ ಸಂಘಗಳ ಆಡಳಿತ: ಒಂದು ಐತಿಹಾಸಿಕ ವಿಚಾರ

ಕಲ್ಯಾಣನಾಡಿಗೆ ಸಭೆಯೆಂಬುದು ಹೊಸತಲ್ಲ. 12ನೆಯ ಶತಮಾನದಲ್ಲಿ ಅಲ್ಲಮಪ್ರಭುದೇವರ ಅಧ್ಯಕ್ಷತೆಯಲ್ಲಿ ಶರಣರು ಇಲ್ಲಿ ನೆರೆದು ಅನುಭಾವಗೋಷ್ಠಿ ನಡೆಸಿದುದನ್ನು ಕೊಹಿನೂರ ಪ್ರಾಂತದ ಸದ್ಭಕ್ತರೆಲ್ಲರೂ ಬಲ್ಲರು. ಅದಾದ ಕೆಲಕಾಲದಲ್ಲಿಯೇ ದೂರದ ಇಟಲಿ ದೇಶದ ಬೊಲೋನಾ ನಗರದಲ್ಲಿ ವಿದ್ಯಾರ್ಥಿಗಳು ಸಂಘ ಕಟ್ಟಿ ವಿದ್ಯಾಪೀಠವನ್ನೇ ಆಳಿದರೆಂಬುದು ಬಹುಮಂದಿಗೆ ತಿಳಿಯದು. ಈ ಸೀಮೆಯ ಮಕ್ಕಳು ಈಗ ವಿಶ್ವವಿದ್ಯಾನಿಲಯಗಳನ್ನು ಸೇರುತ್ತಿರುವುದರಿಂದ ಅಂತಹ ಸಂಘಗಳ ಚರಿತ್ರೆಯನ್ನರಿಯುವುದು ಯುಕ್ತವಾಗಿದೆ.

ಬೊಲೋನಾಕ್ಕೆ ನ್ಯಾಯಶಾಸ್ತ್ರವನ್ನು ಕಲಿಯಲು ಬಂದವರಲ್ಲಿ ಪರದೇಶೀಯರು ಬಹಳ. ಅವರಿಗೆ ಆ ನಗರದ ನಾಗರಿಕರ ಹಕ್ಕುಗಳಿರಲಿಲ್ಲ. ಆದಕಾರಣ ಅವರು ದೇಶವಾರು ಪಂಗಡಗಳಾಗಿ ಕೂಡಿ, ತಮ್ಮಲ್ಲೊಬ್ಬನನ್ನು ಮುಖ್ಯಾಧಿಕಾರಿಯನ್ನಾಗಿ ಚುನಾಯಿಸುತ್ತಿದ್ದರು. ಗುರುಗಳು ಅವನ ಆಜ್ಞೆಗೆ ಬದ್ಧರೆಂದು ಪ್ರಮಾಣ ಮಾಡಬೇಕಾಗಿದ್ದಿತು. ಪಾಠಕ್ಕೆ ತಡವಾಗಿ ಬಂದರೆ ದಂಡ ತೆರಬೇಕಾಗಿದ್ದಿತು. ಗುರುಗಳ ಜೀವನವು ಶಿಷ್ಯರು ಕೊಡುವ ಕಾಣಿಕೆಯಿಂದಲೇ ನಡೆಯುತ್ತಿದ್ದುದು ಇದಕ್ಕೆ ಕಾರಣ. ತರುವಾಯ ನಗರಸಭೆಯೇ ಗುರುಗಳಿಗೆ ವೇತನ ಕೊಡತೊಡಗಲು, ಅಧಿಕಾರವೂ ಮೆಲ್ಲಮೆಲ್ಲನೆ ನಗರಸಭೆಯ ಕೈಸೇರಿತು. ಹಣದ ಚೀಲವೆಲ್ಲಿಯೋ ಆಜ್ಞೆಯೂ ಅಲ್ಲಿಯೇ ಎಂಬುದು ಇದರಿಂದ ಸಿದ್ಧವಾಗುವುದು.

ಈ ಮಾತಿಗೆ ನಮ್ಮ ಸೀಮೆಯ ನಿದರ್ಶನವೂ ಉಂಟು. ಬೀದರ ಜಿಲ್ಲೆಯು ನಿಜಾಮ ಸಂಸ್ಥಾನದಲ್ಲಿದ್ದಾಗ, 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಅಲ್ಲಿ ಬೋಧನೆಯೆಲ್ಲ ಉರ್ದುವಿನಲ್ಲಿ ನಡೆಯುತ್ತಿದ್ದಿತು. ವೆಚ್ಚವೂ ಆಜ್ಞೆಯೂ ಸರಕಾರದವೇ. 1938ರಲ್ಲಿ ವಸತಿನಿಲಯದ ಪ್ರಾರ್ಥನಾಮಂದಿರಗಳಲ್ಲಿ ವಂದೇ ಮಾತರಂ ಹಾಡಕೂಡದೆಂಬ ನಿಷೇಧ ಬಂದಾಗ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ನೂರಾರು ಮಂದಿ ಹೊರಹಾಕಲ್ಪಟ್ಟರು. ಅವರಲ್ಲಿ ಅನೇಕರಿಗೆ ನಾಗಪುರ ವಿಶ್ವವಿದ್ಯಾನಿಲಯವು ಆಶ್ರಯವಿತ್ತಿತು. ಅಧಿಕಾರಿಗಳ ಸಮಕ್ಷಮದಲ್ಲಿ ಕುಳಿತು ವಾದಿಸುವ ಅಧಿಕಾರವು ವಿದ್ಯಾರ್ಥಿಗಳಿಗಿಲ್ಲದಿರಲು, ಪಾಠಶಾಲೆಯನ್ನು ತೊರೆಯುವುದೊಂದೇ ಅವರಿಗುಳಿದ ದಾರಿಯಾಯಿತು.

1948ರಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡಿತು. 1956ರಲ್ಲಿ ಬೀದರವು ಮೈಸೂರು ರಾಜ್ಯವನ್ನು ಸೇರಿತು. 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾನಿಲಯವು ಉದಿಸಿತು. ಸ್ವತಂತ್ರ ಭಾರತದಲ್ಲಿ ವಿದ್ಯಾರ್ಥಿ ಸಂಘಗಳು ಬೆಳೆದುವು. ಆದರೆ ಹೊರಗಿನವರ ಹಣವೂ ತೋಳ್ಬಲವೂ ಒಳಹೊಕ್ಕು ಹಲವೆಡೆ ಚುನಾವಣೆಗಳೇ ಕಲಹದ ಬೀಡಾದುವು. ಕರ್ನಾಟಕದಲ್ಲಿ ಅವು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ನಿಂತುಹೋದುವು.

ಈ ದೋಷಕ್ಕೆ ಮದ್ದರಸಿದುದು ಹಿಂದಿನ ಮುಖ್ಯ ಚುನಾವಣಾ ಆಯುಕ್ತರಾದ ಜೆ. ಎಂ. ಲಿಂಗ್ಡೋ ಅವರ ಸಮಿತಿ. ಅದರ ವಿಧಿಗಳನ್ನು 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು ಜಾರಿಗೆ ತಂದಿತು. ವಿದ್ಯಾರ್ಥಿಗಳೆಲ್ಲರೂ ನೇರವಾಗಿ ಪದಾಧಿಕಾರಿಗಳನ್ನು ಆರಿಸಬಹುದು. ಇಲ್ಲವೆ ತರಗತಿಯ ಪ್ರತಿನಿಧಿಗಳನ್ನು ಆರಿಸಿ, ಆ ಪ್ರತಿನಿಧಿಗಳಿಂದ ಪದಾಧಿಕಾರಿಗಳನ್ನು ಆರಿಸಬಹುದು. ಅಭ್ಯರ್ಥಿಗೆ ಶೇಕಡಾ 75 ಹಾಜರಿಯಿರಬೇಕು. ಪದಾಧಿಕಾರಿಯ ಸ್ಥಾನಕ್ಕೆ ಒಮ್ಮೆ ಮಾತ್ರ ನಿಲ್ಲಬಹುದು. ವೆಚ್ಚವು 5,000 ರೂಪಾಯಿಗಳನ್ನು ಮೀರಕೂಡದು. ರಾಜಕೀಯ ಪಕ್ಷಗಳ ಹಣವನ್ನು ಮುಟ್ಟಕೂಡದು. ಅಚ್ಚಿನ ಭಿತ್ತಿಪತ್ರವಲ್ಲದೆ ಕೈಬರಹದ್ದನ್ನೇ ಅಂಟಿಸಬೇಕು. ಫಲಿತಾಂಶ ಪ್ರಕಟವಾದ ಎರಡು ವಾರಗಳೊಳಗೆ ಪರಿಶೋಧಿತ ಲೆಕ್ಕವನ್ನು ಒಪ್ಪಿಸಬೇಕು. ಚುನಾವಣೆಗೆ ವಾತಾವರಣವು ಅನುಕೂಲವಿಲ್ಲದೆಡೆ ನೇಮಕದ ಪದ್ಧತಿ ಇರಬಹುದು. ಆದರೆ ಅದು ಕೆಲಕಾಲಕ್ಕೆ ಮಾತ್ರ.

ಈ ವಿಧಿಗಳಲ್ಲಿ ಕೆಲವು ಹಣವನ್ನು ಕುರಿತಾದುವು ಎಂಬುದನ್ನು ಬಲ್ಲವರು ಗಮನಿಸತಕ್ಕದ್ದು. ಬೊಲೋನಾದ ವಿದ್ಯಾರ್ಥಿಗಳ ಬಲವು ಅವರು ಕೊಟ್ಟ ಕಾಣಿಕೆಯಲ್ಲಿದ್ದಿತು. ಇಂದಿನವರ ಬಲವು ಅವರು ಒಪ್ಪಿಸುವ ಲೆಕ್ಕದಲ್ಲಿರಬೇಕು. ಪರರ ಹಣದಿಂದ ಗೆದ್ದವನು ಪರರ ಆಳಾಗುವನು. ಸಹಪಾಠಿಗಳಿಗೆ ಪೈಸೆಪೈಸೆಯ ಲೆಕ್ಕವೊಪ್ಪಿಸುವವನು ಮಾತ್ರ ಅವರ ಪರವಾಗಿ ನಿರ್ಭೀತನಾಗಿ ನುಡಿಯಬಲ್ಲನು. ನಿಷೇಧವು ಸಂಘವನ್ನು ಮುಚ್ಚಬಲ್ಲುದೇ ಹೊರತು ನಾಯಕನನ್ನು ರೂಪಿಸಲಾರದು. ಶುಚಿಯಾದ ಕೈಯನ್ನೂ ಸತ್ಯವಾದ ಮಾತನ್ನೂ ಮಕ್ಕಳಿಗೆ ಮನೆಯಲ್ಲಿಯೇ ಕಲಿಸಿಕೊಡುವುದು ಭಕ್ತಾದಿಗಳ ಹೊಣೆ. ಅವನ್ನು ಪಡೆದು ಹೋದ ಮಕ್ಕಳು ಯಾವ ಸಭೆಗೂ ಭೂಷಣಪ್ರಾಯರಾಗುವರು.